ಕೆಂಪು ಬಣ್ಣ ತುಂಬಿದ ನಲವತ್ತು ನಿಮಿಷ

ಕೋರ್ಸಿನ ಮೊದಲ ಮನೆಗೆಲಸಕ್ಕೆ ಸರ್ಕ್ಯೂಟ್ ಬೋರ್ಡ್ ಬೇಕಿರಲಿಲ್ಲ, ವೈರ್ ಬೇಕಿರಲಿಲ್ಲ, ಲ್ಯಾಪ್‌ಟಾಪ್ ಕೂಡ ಬೇಕಿರಲಿಲ್ಲ. ಒಂದು ಹಾಳೆ ಮತ್ತು ಒಂದು ಪೆನ್ನು ಸಾಕಾಗಿತ್ತು. ನೀವು ಯಾವ ಕೆಲಸಕ್ಕೆ ಯಂತ್ರ ಹೂಡಬೇಕೆಂದಿದ್ದೀರೋ, ಆ ಕೆಲಸವನ್ನು ಈಗ ಕೈಯಾರೆ ಮಾಡುತ್ತಿರುವವರ ಹಿಂದೆ ಒಂದು ಇಡೀ ದಿನ ನಡೆಯಿರಿ. ಅವರು ಮುಟ್ಟಿದ್ದನ್ನು, ನಿಂತ ಜಾಗವನ್ನು, ಸಮಯ ಸಮೇತ ಬರೆದು ತನ್ನಿ ಎಂದು ಬೋಧಕರು ಹೇಳಿದ್ದರು.

ಶಿಕಾರಿಪುರದಲ್ಲಿ ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ಹತ್ತು ಭಾನುವಾರ ನಡೆದ ಕೋರ್ಸ್ ಅದು. ಪಂಪು, ಟ್ಯಾಂಕು, ಗೋದಾಮು ಮುಂತಾದವಕ್ಕೆ ಸೆನ್ಸರ್ ಕೂರಿಸಿ, ಅವುಗಳ ಸ್ಥಿತಿಯನ್ನು ಇಂಟರ್‌ನೆಟ್ ಮೂಲಕ ಫೋನಿಗೆ ತರಿಸಿಕೊಳ್ಳುವ ವ್ಯವಸ್ಥೆಗಳನ್ನು ವಿನ್ಯಾಸ ಮಾಡಲು ಅಲ್ಲಿ ಕಲಿಸುತ್ತಿದ್ದರು. ಉಳಿದವರೆಲ್ಲ ಹನಿ ನೀರಾವರಿಗೋ ಕೋಳಿ ಫಾರಂಗೋ ಉಪಯೋಗವಾಗಲಿ ಎಂದು ಬಂದಿದ್ದರು. ನಾನು ಬಂದದ್ದು ಸಾಕ್ಷ್ಯಕ್ಕಾಗಿ. ಪ್ರಶ್ನೆ ಕೇಳುವುದನ್ನೇ ಪಾಠವೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕುಡಿಯುವ ನೀರಿನ ಹಕ್ಕಿಗಾಗಿ ಕೆಲಸ ಮಾಡುವ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ಎಲ್ಲಿ ಅನ್ಯಾಯ ಕಂಡರೂ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕೆಂಬುದು ನನ್ನ ನಂಬಿಕೆಯಾಗಿತ್ತು, ಈಗಲೂ ಆಗಿದೆ.

ನನ್ನ ಕಣ್ಣಿಗೆ ಬಿದ್ದಿದ್ದ ಅನ್ಯಾಯ ಬಳ್ಳಿಗಾವಿಯ ಆಚೆಯ ಒಂದು ಹಳ್ಳಿಯದು. ಪಂಚಾಯ್ತಿಯ ಓವರ್‌ಹೆಡ್ ಟ್ಯಾಂಕಿನಿಂದ ಮೂರು ಲೈನ್‌ಗಳು ಹೊರಡುತ್ತವೆ. ಎರಡು ಊರೊಳಗಿನ ಬೀದಿಗಳಿಗೆ, ಮೂರನೆಯದು ದಿಬ್ಬದ ಮೇಲಿರುವ ದಲಿತ ಕುಟುಂಬಗಳ ಕಾಲೊನಿಗೆ. ಟ್ಯಾಂಕಿನ ನೀರು ಬರುತ್ತದೆಯೇ ಎಂದು ಕಾಲೊನಿಯ ಮನೆಮನೆಯಲ್ಲಿ ಕೇಳಿದ್ದೆ. ಬರುವುದಿಲ್ಲ ಎಂದಿದ್ದರು. ವಾಲ್ ತಿರುಗಿಸುವವನು ಊರೊಳಗಿನ ಮನೆಯ ನೀರುಗಂಟಿ. ಇದು ಜಾತಿ ತಾರತಮ್ಯವಲ್ಲದೆ ಬೇರೇನು ಎಂದು ನಾನು ಅಂದೇ ತೀರ್ಮಾನಿಸಿದ್ದೆ. ಯಂತ್ರದಿಂದ ಬೇಕಿದ್ದದ್ದು ದೃಢೀಕರಣ ಮಾತ್ರ.

ಆದ್ದರಿಂದ ಒಂದು ದಿನ ಪೂರ್ತಿ ನೀರುಗಂಟಿಯ ಹಿಂದೆ ನಡೆಯುವುದು ನನಗೆ ವ್ಯರ್ಥವೆನಿಸಿತು. ಪಂಪ್ ಓಡಲು ಬೇಕಾದ ತ್ರೀಫೇಸ್ ಕರೆಂಟ್ ಬರುವುದು ನಸುಕಿನಲ್ಲಿ; ಆ ಹೊತ್ತಿಗೆ ಊರು ತಲುಪುವ ಬಸ್ಸಿಲ್ಲ. ಪಂಚಾಯ್ತಿಯಲ್ಲಿ ಪಡೆದಿದ್ದ ಪೈಪ್‌ಲೈನ್ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು, ಶಿರಾಳಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು, ನೋಡದೆ ಇದ್ದದ್ದನ್ನು ನೋಡಿದಂತೆ ಬರೆದೆ. ಪಂಪ್ ಚಾಲೂ, ಟ್ಯಾಂಕ್ ಭರ್ತಿ, ಒಂದನೆಯ ವಾಲ್, ಎರಡನೆಯ ವಾಲ್, ಮೂರನೆಯ ವಾಲ್. ಪ್ರತಿಯೊಂದರ ಮುಂದೆಯೂ ಗಂಟೆ, ನಿಮಿಷ. ನನ್ನ ಹಾಳೆಯೇ ಎಲ್ಲಕ್ಕಿಂತ ಅಚ್ಚುಕಟ್ಟಾಗಿದೆ ಎಂದು ಬೋಧಕರು ಅದನ್ನು ಗೋಡೆಗೆ ಅಂಟಿಸಿದರು. ನಾನು ಮುಗುಳ್ನಕ್ಕೆ. ಬೇರೆಯವರು ಹೀಗೆ ಮಾಡಿದ್ದರೆ ನಾನು ಅದನ್ನು ದಾಖಲೆ ತಿದ್ದುವುದು ಎಂದು ಕರೆಯುತ್ತಿದ್ದೆ.

ಮುಂದಿನ ಭಾನುವಾರಗಳಲ್ಲಿ ವಿನ್ಯಾಸ ರೂಪುಗೊಂಡಿತು. ಮೂರು ಅಳತೆಗಳು. ಪಂಪ್ ಹೌಸಿನ ಸ್ಟಾರ್ಟರ್ ವೈರಿಗೆ ಒಂದು ಕರೆಂಟ್ ಸೆನ್ಸರ್; ಪಂಪ್ ಯಾವಾಗ ಓಡುತ್ತಿದೆ ಎಂದು ಅದು ಹೇಳುತ್ತದೆ. ಟ್ಯಾಂಕಿನಲ್ಲಿ ನೀರಿನ ಮಟ್ಟ. ಟ್ಯಾಂಕಿನಿಂದ ಕಾಲೊನಿಗೆ ಹೋಗುವ ಪೈಪಿನಲ್ಲಿ ಒಂದು ಫ್ಲೋ ಸೆನ್ಸರ್. ಅದರೊಳಗಿನ ಪುಟ್ಟ ಚಕ್ರ ನೀರಿನ ಓಟಕ್ಕೆ ತಿರುಗಿ, ಸುತ್ತಿಗೊಂದು ಸಂಕೇತ ಕೊಡುತ್ತದೆ. ಎರಡು ನಿಮಿಷಕ್ಕೊಮ್ಮೆ ಬೋರ್ಡ್ ಎಚ್ಚರಗೊಂಡು, ಅಳತೆ ತೆಗೆದುಕೊಂಡು, ಸಿಮ್ ಮೂಲಕ ಕಳಿಸಿ ಮತ್ತೆ ಮಲಗಬೇಕು.

ಪಂಚಾಯ್ತಿ ಅನುಮತಿ ಕೊಟ್ಟಿತು. ಕೂರಿಸಲು ನೆರವಾದವನು ನೀರುಗಂಟಿಯೇ. ಐವತ್ತು ದಾಟಿದವನು, ತೆಳ್ಳಗಿನ ಮನುಷ್ಯ. ಸೆನ್ಸರಿನ ವೈರನ್ನು ಹೆಗಲಿಗೆ ಸುತ್ತಿಕೊಂಡು ಟ್ಯಾಂಕಿನ ಏಣಿ ಹತ್ತಿದ. ಕೆಳಗಿಳಿದು ಬಂದು ಕೇಳಿದ:

"ಮೇಡಂ, ನೀರು ಬಂದ್ರ ಇದು ಹೇಳತೈತೇನ್ರಿ?"

"ಹೇಳುತ್ತೆ."

"ಬರದಿದ್ರ?"

"ಅದನ್ನೂ ಹೇಳುತ್ತೆ."

"ಹಂಗಾರ ಚಲೋ ಆತು ಬಿಡ್ರಿ. ಇನ್ಮ್ಯಾಲೆ ಊರಾಗಿನ ಮಂದಿ ನನ್ನ ಬಿಟ್ಟು ಇದನ್ನ ಬೈತಾರ."

ಇಪ್ಪತ್ತು ಲೀಟರಿನ ಕ್ಯಾನನ್ನು ಅವನು ಹಿಡಿದು ನಿಂತ. ಅದು ತುಂಬುವವರೆಗೆ ಎಷ್ಟು ಸಂಕೇತ ಬಂತೆಂದು ನಾನು ಎಣಿಸಿ ಅಳತೆ ಸರಿಪಡಿಸಿದೆ. ಕ್ಯಾನ್ ಹಿಡಿದು ನಗುತ್ತಿದ್ದ ಅವನ ಒಂದು ಫೋಟೋ ತೆಗೆದೆ. ಹೊರಡುವಾಗ ಅವನು, "ನಾಳೆ ಕರೆಂಟ್ ಬರೋ ಹೊತ್ತಿಗೆ ಬರ್ರಿ ಮೇಡಂ. ನೀರು ಎಲ್ಲೆಲ್ಲಿ ಹೋಗತೈತಿ, ನಡಕೊಂತ ತೋರಸ್ತೀನಿ" ಎಂದ. ಬೇಡ, ಇನ್ನು ಎಲ್ಲವೂ ಫೋನಿಗೇ ಬರುತ್ತದೆ ಎಂದೆ.

ಎಲ್ಲವೂ ಬರಲಿಲ್ಲ. ಮೊದಲು ಟ್ಯಾಂಕಿನ ಮುಚ್ಚಳದ ಕೆಳಗೆ ಕೂರಿಸಿದ್ದ ಅಲ್ಟ್ರಾಸಾನಿಕ್ ಸೆನ್ಸರ್ ಕೈಕೊಟ್ಟಿತು. ಆವಿ ಹನಿಗಟ್ಟಿ ಅದರ ಮುಖಕ್ಕೆ ಅಂಟಿಕೊಂಡಾಗ, ಬರಿದಾದ ಟ್ಯಾಂಕನ್ನೂ ಅದು ತುಂಬಿದೆ ಎನ್ನುತ್ತಿತ್ತು. ಅದನ್ನು ತೆಗೆದು, ತಳದಲ್ಲಿ ಕುಳಿತು ನೀರಿನ ಒತ್ತಡ ಅಳೆಯುವ ಸೆನ್ಸರ್ ಇಳಿಸಿದೆ. ವಾಲ್ ಗುಂಡಿಯ ಕಬ್ಬಿಣದ ಮುಚ್ಚಳ ಸಿಗ್ನಲ್ಲನ್ನು ತಡೆಯಿತು. ಆಂಟೆನಾವನ್ನು ಹೊರಗೆ ತಂದೆ. ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದವು. ವೈರ್ ಹೊಕ್ಕ ರಂಧ್ರವನ್ನೆಲ್ಲ ಸೀಲ್ ಮಾಡಿದೆ. ಯಂತ್ರ ಸುಳ್ಳು ಹೇಳಬಾರದೆಂದು ನಾನು ಪಟ್ಟ ಶ್ರಮಕ್ಕೆ ಲೆಕ್ಕವಿರಲಿಲ್ಲ. ಅದು ಸುಳ್ಳು ಹೇಳಲೂ ಇಲ್ಲ.

ಎರಡು ವಾರದ ಅಳತೆ ಕೈಗೆ ಬಂತು. ಕಾಲೊನಿಗೆ ಹೋಗುವ ಪೈಪಿನಲ್ಲಿ ಹೆಚ್ಚುಕಡಿಮೆ ಪ್ರತಿದಿನ ಸೊನ್ನೆ. ನಾನು ನಿರೀಕ್ಷಿಸಿರದ ಇನ್ನೊಂದು ಸಂಗತಿಯೂ ಇತ್ತು. ಬೆಳಗ್ಗೆ ಪಂಪ್ ಓಡಲು ಶುರುವಾದ ಮೇಲೂ ಸುಮಾರು ನಲವತ್ತು ನಿಮಿಷ ಟ್ಯಾಂಕಿನ ಮಟ್ಟ ಏರುತ್ತಿರಲಿಲ್ಲ. ಬೋರ್‌ವೆಲ್ಲಿನಿಂದ ಟ್ಯಾಂಕಿಗೆ ನೀರು ಮುಟ್ಟಲು ನಾಲ್ಕೈದು ನಿಮಿಷ ಸಾಕು. ಉಳಿದಷ್ಟು ಹೊತ್ತಿನ ನೀರು ಎಲ್ಲಿಗೆ ಹೋಗುತ್ತಿತ್ತು? ಯಾರದೋ ತೋಟಕ್ಕೆ ಎಂಬ ಉತ್ತರ ತಕ್ಷಣ ಹೊಳೆಯಿತು. ಅದಕ್ಕೆ ನನ್ನಲ್ಲಿ ಯಾವ ಅಳತೆಯೂ ಇರಲಿಲ್ಲ. ಗ್ರಾಫಿನ ಆ ನಲವತ್ತು ನಿಮಿಷಗಳಿಗೆ ಕೆಂಪು ಬಣ್ಣ ತುಂಬಿ, ಮೇಲೆ "ಕದ್ದ ನೀರು" ಎಂದು ಬರೆದೆ. ಕೆಳಗೆ ನೀರುಗಂಟಿಯ ಹೆಸರು. ಪಕ್ಕದಲ್ಲಿ ಕ್ಯಾನ್ ಹಿಡಿದು ನಗುತ್ತಿದ್ದ ಅವನ ಫೋಟೋ. ಗ್ರಾಮಸಭೆಯ ಹಿಂದಿನ ದಿನ ಅದನ್ನು ಹತ್ತಾರು ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ.

ಅದೇ ಸಂಜೆ ಕಾಲೊನಿಯ ಒಬ್ಬಾಕೆ ಫೋನ್ ಮಾಡಿದ್ದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ. "ಅಕ್ಕಾರ, ಆ ಮನಿಷಾನ ಸುದ್ದಿಗೆ ಹೋಗಬ್ಯಾಡ್ರಿ" ಎಂದಷ್ಟೇ ಹೇಳಿದಳು. "ಹೆದರಬೇಡಿ, ನಾನಿದ್ದೇನೆ" ಎಂದೆ. ಅವಳು ಫೋನ್ ಇಟ್ಟಳು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನಾಂಕದ ಕೆಳಗೆ "ಭಯದ ವಾತಾವರಣ" ಎಂಬ ಎರಡು ಪದಗಳಿವೆ.

ಗ್ರಾಮಸಭೆಯಲ್ಲಿ ಮೈಕ್ ಹಿಡಿದು ಕೇಳಿದೆ: "ಈ ನಲವತ್ತು ನಿಮಿಷದ ನೀರು ಎಲ್ಲಿಗೆ ಹೋಯಿತು? ಬಾಯಿಬಿಟ್ಟು ಹೇಳಿ."

ನೀರುಗಂಟಿ ಎದ್ದು ನಿಂತ. ಊರೊಳಗಿನವರ ಕಡೆ ನೋಡಿದ, ಆಮೇಲೆ ಕಾಲೊನಿಯ ಹೆಂಗಸರ ಕಡೆ. "ಹೇಳಾಕ ಏನಿಲ್ರಿ" ಎಂದ.

"ಯಾರ ತೋಟಕ್ಕ ಬಿಟ್ಟಿ, ಹೇಳಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಡುಗೆಯಾಕೆ ಏಳಲು ಹೋದಳು. ಪಕ್ಕದವಳು ಸೆರಗು ಹಿಡಿದು ಕೂರಿಸಿದಳು. ಅದನ್ನೂ ನಾನು ಭಯವೆಂದೇ ಓದಿಕೊಂಡೆ. ಅಂದೇ ಅವನನ್ನು ಕೆಲಸದಿಂದ ಬಿಡಿಸಿ, ನಕ್ಷೆಯ ಪ್ರಕಾರ ಮಾತ್ರ ನೀರು ಬಿಡಬೇಕೆಂದು ಹೇಳಿ ಇನ್ನೊಬ್ಬನನ್ನು ಹಚ್ಚಿದರು. ಜನ ಚಪ್ಪಾಳೆ ತಟ್ಟಿದರು. ಇಡೀ ಸಭೆಯ ವಿಡಿಯೋ ಕೂಡ ಹರಿದಾಡಿತು.

ಮಾರನೆಯ ದಿನದಿಂದ ಗ್ರಾಫ್ ನಿರ್ಮಲವಾಯಿತು. ಪಂಪ್ ಓಡಿದ ನಾಲ್ಕೈದು ನಿಮಿಷಕ್ಕೆ ಟ್ಯಾಂಕ್ ಏರಲು ಶುರು. ಕೆಂಪು ಬಣ್ಣಕ್ಕೆ ಜಾಗವೇ ಇಲ್ಲ. ನಾನು ಅದನ್ನು ದಿನಕ್ಕೆ ಹಲವು ಸಲ ತೆರೆದು ನೋಡುತ್ತಿದ್ದೆ.

ಆರನೆಯ ದಿನ ಅಡುಗೆಯಾಕೆ ಶಿಕಾರಿಪುರದ ನಮ್ಮ ಕಚೇರಿಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ.

"ಅಕ್ಕಾರ, ನಿಮ್ಮ ಪೆಟಿಗಿ ಈಗ ಏನ್ ಹೇಳತೈತಿ?"

"ಈಗ ಎಲ್ಲ ಸರಿಯಾಗಿದೆ. ಟ್ಯಾಂಕ್ ಸರಿಯಾದ ಸಮಯಕ್ಕೆ ತುಂಬುತ್ತಿದೆ."

"ಹೌದು, ಟ್ಯಾಂಕ್ ತುಂಬತೈತಿ. ನಮ್ಮ ಕೊಡ ತುಂಬವಲ್ದು."

ಮರುದಿನ ನಸುಕಿಗೇ ಬಾಡಿಗೆ ಗಾಡಿ ಮಾಡಿಕೊಂಡು ಹೋದೆ. ಹೋಗಲು ಸಾಧ್ಯವಿತ್ತೆಂಬುದು ಅಂದು ಸಾಬೀತಾಯಿತು. ಬೋರ್‌ವೆಲ್ಲಿನಿಂದ ಟ್ಯಾಂಕಿಗೆ ಹೋಗುವ ದೊಡ್ಡ ಪೈಪು ಕಾಲೊನಿಯ ದಾರಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಅಲ್ಲಿ ಒಂದು ಕಲ್ಲುಚಪ್ಪಡಿ. ಅಡುಗೆಯಾಕೆಯೂ ಇನ್ನೊಬ್ಬಳೂ ಸೇರಿ ಅದನ್ನು ಸರಿಸಿದರು. ಕೆಳಗೆ ಕಾಲೊನಿಯ ನಲ್ಲಿಗಳ ಪೈಪಿಗೆ ಕೂಡಿಸಿದ ಒಂದು ಜಾಯಿಂಟ್, ಒಂದು ಪುಟ್ಟ ವಾಲ್, ಸೋರದಂತೆ ಬಿಗಿಯಾಗಿ ಸುತ್ತಿದ ಸೈಕಲ್ ಟ್ಯೂಬು. ಪಂಪ್ ಓಡುತ್ತಿತ್ತು. ಹೊಸ ನೀರುಗಂಟಿಯ ಕಣ್ಣಿಗೆ ಬಿದ್ದೀತೆಂದು ಇಷ್ಟು ದಿನ ಮುಟ್ಟದಿದ್ದ ವಾಲನ್ನು ಅಡುಗೆಯಾಕೆ ತಿರುಗಿಸಿದಳು. ದಿಬ್ಬದ ಮೇಲಿನ ನಲ್ಲಿಗಳಲ್ಲಿ ಮೊದಲು ಗಾಳಿ ಬುಸುಗುಟ್ಟಿತು, ನಂತರ ನೀರು ಬಂತು. ಮನೆಗಳಿಂದ ಕೊಡಗಳು ಓಡಿ ಬಂದವು.

ವಿಷಯ ಇಷ್ಟೇ. ಊರೊಳಗಿನ ಅನೇಕ ಮನೆಗಳು ನಲ್ಲಿಗೆ ನೇರವಾಗಿ ಮೋಟಾರು ಹಚ್ಚಿ ನೀರೆಳೆಯುತ್ತವೆ. ಒತ್ತಡ ಸಾಲದೆ ಟ್ಯಾಂಕಿನಿಂದ ದಿಬ್ಬಕ್ಕೆ ನೀರು ಏರುವುದೇ ಇಲ್ಲ. ಕಾಲೊನಿಯವರು ಬೋರ್‌ವೆಲ್ಲಿನಿಂದಲೇ ಬೇರೆ ಲೈನ್ ಕೇಳಿದಾಗ, ಮೊದಲ ನೀರು ಅವರಿಗೇ ಏಕೆ ಎಂದು ಊರೊಳಗಿನ ಪ್ರಮುಖರು ತಡೆದಿದ್ದರು. ಆಗ ನೀರುಗಂಟಿ ಯಾರಿಗೂ ಹೇಳದೆ ಈ ಜಾಯಿಂಟ್ ಹಾಕಿದ. ದಿನವೂ ಊರು ಏಳುವ ಮುನ್ನ, ಕರೆಂಟ್ ಬಂದೊಡನೆ, ನಲವತ್ತು ನಿಮಿಷ ಬೋರ್‌ವೆಲ್ ನೀರನ್ನು ನೇರವಾಗಿ ಕಾಲೊನಿಗೆ ಬಿಟ್ಟು, ಆಮೇಲೆ ಟ್ಯಾಂಕಿಗೆ ತಿರುಗಿಸುತ್ತಿದ್ದ. ನಾನು ಕೆಂಪು ಬಣ್ಣ ತುಂಬಿದ್ದು ಕಾಲೊನಿಯ ನೀರಿಗೆ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ. ಕೇಳುವಾಗಲೇ ಆ ಪ್ರಶ್ನೆಯ ನಾಚಿಕೆಗೇಡಿತನ ನನಗೆ ತಿಳಿಯಿತು.

"ಕೇಳಿದ್ರೇನ್ರಿ ನೀವು? ಟ್ಯಾಂಕಿನ ನೀರು ಬರತೈತೇನು ಅಂದ್ರಿ. ಬರಂಗಿಲ್ಲ ಅಂದ್ವಿ. ಖರೇನ ಹೇಳಿದ್ವಿ. ಬಂದೋರಿಗೆಲ್ಲ ಚಪ್ಪಡಿ ಎತ್ತಿ ತೋರಸಾಕ ಆಕ್ಕತೇನ್ರಿ?" ಎಂದಳು ಅಡುಗೆಯಾಕೆ. ಇನ್ನೊಬ್ಬಳು ಕೊಡ ಎತ್ತಿಕೊಳ್ಳುತ್ತ, "ನಮ್ಮ ಪರವಾಗಿ ಮಾತಾಡ್ತೀನಿ ಅಂತ ಬಂದು ನಮ್ಮ ನಲ್ಲಿ ಬಂದ್ ಮಾಡಿಸಿದ್ರಿ" ಎಂದು ಹೇಳಿ ಹೋದಳು. ಅವಳ ದನಿಯಲ್ಲಿ ಕೋಪ ಕೂಡ ಇರಲಿಲ್ಲ.

ಅಲ್ಲಿಂದ ನೀರುಗಂಟಿಯ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕುಳಿತು ಕೊಡಲಿಗೆ ಕಾವು ಹಾಕುತ್ತಿದ್ದ. ಅವನ ಹೆಂಡತಿ ಒಂದು ಲೋಟ ನೀರು ತಂದಿಟ್ಟಳು. ಅದನ್ನು ಕುಡಿಯುವ ಧೈರ್ಯ ನನಗೆ ಬರಲಿಲ್ಲ.

"ನನ್ನಿಂದ ದೊಡ್ಡ ತಪ್ಪಾಯಿತು. ನೀವು ಕದ್ದಿಲ್ಲವೆಂದು ಈಗ ಗೊತ್ತಾಯಿತು" ಎಂದೆ. ನಾನು ಅವನನ್ನು ಬಹುವಚನದಲ್ಲಿ ಮಾತನಾಡಿಸಿದ್ದು ಬಹುಶಃ ಅದೇ ಮೊದಲು.

ಅವನು ಕೊಡಲಿಯಿಂದ ಕಣ್ಣೆತ್ತಲಿಲ್ಲ. "ನಾ ಕದ್ದಿಲ್ಲ ಅಂತ ನನಗ್ಯಾಕ ಹೇಳ್ತೀರಿ ಮೇಡಂ? ನನಗ ಮೊದ್ಲ ಗೊತ್ತಿತ್ತಲ್ಲ."

"ಸಭೆಯಲ್ಲಿ ನೀವು ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರ ಮರುದಿನ ಆ ಜಾಯಿಂಟ್ ಕೀಳತಿದ್ರು. ನನ್ನ ಕೆಲಸ ಒಬ್ಬಂದು. ಅದು ಅಷ್ಟೂ ಮನಿದು." ಕಾವನ್ನು ಬಿಗಿ ಮಾಡುತ್ತ ಸೇರಿಸಿದರು: "ನೀವೂ ಹೇಳಬ್ಯಾಡ್ರಿ ಮತ್ತ. ನಿಮಗ ಹೇಳೋ ಚಟ ಐತಿ."

ಆಗ ಅವರ ಹೆಂಡತಿ ಬಾಗಿಲಿನಿಂದಲೇ ಮಾತನಾಡಿದರು. "ಕೆಲಸದ ಮಾತು ಹೋಗ್ಲಿ. ಸೊರಬದ ಕಡೆ ಜಡೆ ಊರಾಗ ಮಗಳನ್ನ ಕೊಟ್ಟೀವಿ. ಅವರ ಮನಿಯೋರ ಫೋನಿಗೆ ಇವರ ಫೋಟ ಬಂದೈತಂತ, ಕಳ್ಳ ಅಂತ ಬರದು. ಮಗಳು ವಾರದಿಂದ ಫೋನ್ ಎತ್ತವಲ್ಲು."

ಮರಳುವ ದಾರಿಯಲ್ಲಿ ನನ್ನ ತಲೆಯಲ್ಲಿ ಆಗಲೇ ಹೊಸ ಹೇಳಿಕೆಯೊಂದು ತಯಾರಾಗತೊಡಗಿತ್ತು: ಮೋಟಾರು ಹಚ್ಚುವ ಮನೆಗಳ ಪಟ್ಟಿ, ಲೈನ್ ತಡೆದವರ ಹೆಸರು, ಹೊಸ ಗ್ರಾಫ್. ಕೆಂಪು ಬಣ್ಣವನ್ನು ಇನ್ನೊಂದು ಕಡೆಗೆ ಬಳಿಯುವುದು. ಅಷ್ಟೂ ನಿಜವೇ ಆಗಿತ್ತು. ಆದರೆ ಅದನ್ನು ಪ್ರಕಟಿಸಿದರೆ ಸಂಜೆಯೊಳಗೆ ಜಾಯಿಂಟ್ ಹೋಗುತ್ತದೆ. ಸುಮ್ಮನಿದ್ದರೆ ಒಬ್ಬ ಪ್ರಾಮಾಣಿಕ ಮನುಷ್ಯ ಕಳ್ಳನಾಗಿಯೇ ಉಳಿಯುತ್ತಾನೆ. ಎರಡರಲ್ಲಿ ಯಾವುದನ್ನು ಆರಿಸಲೂ ನನಗೆ ಹಕ್ಕಿಲ್ಲವೆಂದು ಅರ್ಥವಾಗಲು ಶಿಕಾರಿಪುರ ಮುಟ್ಟುವಷ್ಟು ಹೊತ್ತು ಹಿಡಿಯಿತು. ಅಡುಗೆಯಾಕೆಗೆ ಫೋನ್ ಮಾಡಿ, ಏನು ಮಾಡಬೇಕೆಂದು ನೀವೇ ಹೇಳಿ, ಅಲ್ಲಿಯವರೆಗೆ ನಾನು ಒಂದು ಸಾಲನ್ನೂ ಬರೆಯುವುದಿಲ್ಲ ಎಂದೆ. ನನ್ನ ಕೆಲಸದ ಬದುಕಿನಲ್ಲಿ ನಾನು ಹಾಗೆ ಕೇಳಿದ್ದು ಅಪರೂಪ.

ಕಾಲೊನಿಯ ಹೆಂಗಸರು ಎರಡು ಸಲ ಕೂತು ಮಾತನಾಡಿದರು. ನನ್ನನ್ನು ಕರೆಯಲಿಲ್ಲ. ಆಮೇಲೆ ತೀರ್ಮಾನ ತಿಳಿಸಿದರು. ಮತ್ತೊಂದು ಗ್ರಾಮಸಭೆ ಕೇಳುವುದು. ಜಾಯಿಂಟಿನ ವಿಷಯವನ್ನು ಅವರೇ ಹೇಳುವುದು, ದಿಬ್ಬದ ಮೇಲೆ ಒಂದು ಮಿನಿ ಟ್ಯಾಂಕ್ ಕೇಳುವುದು. ನೀರುಗಂಟಿಯವರನ್ನೂ ಅವರೇ ಒಪ್ಪಿಸಿದ್ದರು. "ನೀವು ನಿಮ್ಮ ತಪ್ಪು ಅಷ್ಟ ಹೇಳ್ರಿ. ನಮ್ಮ ಪಾಲಿಂದು ನಮಗ ಬಿಡ್ರಿ" ಎಂದಳು ಅಡುಗೆಯಾಕೆ.

ಸಭೆಯಲ್ಲಿ ನಾನು ನನ್ನ ಪಾಲಿನದನ್ನು ಹೇಳಿದೆ. ಈ ಕೆಲಸ ಹೇಗೆ ನಡೆಯುತ್ತದೆಂದು ನೋಡದೆಯೇ ನೋಡಿದ್ದಾಗಿ ಬರೆದೆ. ತಪ್ಪು ಪೈಪಿನಲ್ಲಿ ಸೆನ್ಸರ್ ಇಟ್ಟು, ಅಲ್ಲಿ ಸಿಕ್ಕ ಸೊನ್ನೆಯನ್ನು ಅಪರಾಧವೆಂದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಬರೆಯಬೇಕಿತ್ತು. ಕಳವು ಎಂದು ಬರೆದೆ. ನನಗಾಗಿ ಏಣಿ ಹತ್ತಿದವರ ನಗುವ ಫೋಟೋವನ್ನು ಅವರ ಮೇಲೆಯೇ ಬಳಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ಗದ್ದಲ. "ಅಂದ್ರ ದಿನಾ ಮೊದಲ್ನೇ ನೀರು ಕಾಲೊನಿಗೇನು?" ಎಂದು ಊರೊಳಗಿನ ಒಬ್ಬ ಹಿರಿಯರು ಎದ್ದರು. ಅಡುಗೆಯಾಕೆಯೂ ಎದ್ದಳು, ಈ ಸಲ ಯಾರೂ ಅವಳ ಸೆರಗು ಹಿಡಿಯಲಿಲ್ಲ.

"ಹೌದ್ರಿ ಯಜಮಾನ್ರ. ನಿಮ್ಮ ಮೋಟ್ರು ಎಳದ ಮ್ಯಾಲೆ ನಮಗ ಉಳಿಯೋದು ಗಾಳಿ. ಗಾಳಿಲೆ ಅನ್ನ ಬೇಯಸಾಕ ಬರಂಗಿದ್ರ ನಿಮ್ಮ ಮಕ್ಕಳಿಗೂ ಸಾಲ್ಯಾಗ ಅದನ್ನ ಬಡಸ್ತಿದ್ದೆ."

ಕೆಲವರು ನಕ್ಕುಬಿಟ್ಟರು. ಆ ನಗುವಿನಿಂದಲೇ ಸಭೆ ಮುಂದೆ ಸಾಗಿತೆಂದು ನನ್ನ ಭಾವನೆ. ಬ್ಲೀಚಿಂಗ್ ಹಾಕದ ನೀರನ್ನು ನೇರ ಬಿಡಬಾರದೆಂದು ಪಂಚಾಯ್ತಿಯ ಅಧಿಕಾರಿ ಹೇಳಿದರು. ಅದು ನ್ಯಾಯವಾದ ಮಾತೇ. ಮಿನಿ ಟ್ಯಾಂಕ್ ಆಗುವವರೆಗೆ ಜಾಯಿಂಟ್ ಇರಲಿ, ಕುಡಿಯುವ ನೀರನ್ನು ಕುದಿಸಿಕೊಳ್ಳಲಿ ಎಂದಾಯಿತು. ನೀರುಗಂಟಿಯವರನ್ನು ಮರಳಿ ಕೆಲಸಕ್ಕೆ ಕರೆದರು. ಮಿನಿ ಟ್ಯಾಂಕ್ ಇನ್ನೂ ಬಂದಿಲ್ಲ. ಮೋಟಾರುಗಳು ಇನ್ನೂ ಹೋಗಿಲ್ಲ.

ಕೋರ್ಸಿನ ಕೊನೆಯ ಭಾನುವಾರ ನಾನು ಗೋಡೆಯ ಮೇಲಿದ್ದ ನನ್ನ ಹಾಳೆಯನ್ನು ಕಿತ್ತು, ಅದು ಹೇಗೆ ತಯಾರಾಯಿತೆಂದು ತರಗತಿಗೆ ಹೇಳಿದೆ. ಬೋಧಕರು ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಮಣ್ಣಿನ ಕಲೆ ಇಲ್ಲದ ಹಾಳೆ ಅದು. ನನಗೇ ಅನುಮಾನ ಬರಬೇಕಿತ್ತು" ಎಂದರು.

ಉಳಿದದ್ದು ನೀರುಗಂಟಿಯವರ ಮಗಳಿದ್ದ ಜಡೆ. ತಿದ್ದುಪಡಿಯ ಸಂದೇಶವನ್ನು ನಾನು ಮೊದಲಿನ ಗುಂಪುಗಳಿಗೆಲ್ಲ ಕಳಿಸಿದ್ದೆ. ಮೊದಲ ಸಂದೇಶ ಎಲ್ಲೆಲ್ಲಿಗೋ ಹೋಗಿತ್ತು. ಎರಡನೆಯದನ್ನು ಮುಂದಕ್ಕೆ ಕಳಿಸುವ ಉತ್ಸಾಹ ಯಾರಿಗೂ ಇರಲಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ, ಅಲ್ಲಿಂದ ಜಡೆಗೆ ಹೋದೆ. ನೀರುಗಂಟಿಯವರ ಬೀಗರು ಮನೆಯಲ್ಲಿರಲಿಲ್ಲ. ಹಾಲಿನ ಡೈರಿಯ ಹತ್ತಿರ ಸಿಕ್ಕರು. ಸಂಜೆಯ ಹಾಲು ಹಾಕಲು ಜನ ಸಾಲಾಗಿ ನಿಂತಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು, ಯಾರೆಂದು ತಿಳಿಸಿ, ನಡೆದದ್ದನ್ನು ಮೆಲುದನಿಯಲ್ಲಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಒಳ್ಳೇದಾತು ಮಾರಾಯ್ರೆ, ಇಷ್ಟು ದೂರ ಬಂದ್ರಲ್ಲ. ನಮ್ಮ ಬೀಗ್ರು ಅಂಥೋರಲ್ಲ ಅಂತ ನನಗೂ ಇತ್ತು. ಆದ್ರೆ ನನ್ನೊಬ್ಬನ ಕಿವಿಯಾಗೆ ಹೇಳಿದ್ರೆ ಏನಾತು? ಈ ಸಾಲಲ್ಲಿ ನಿಂತೋರ ಫೋನಿಗೆಲ್ಲ ಆ ಫೋಟೋ ಬಂದೈತೆ" ಎಂದು ಹೇಳಿ, ಸಾಲಿನಲ್ಲಿದ್ದ ಸೊಸೆಯನ್ನು ಕೂಗಿ ಕರೆದರು.

ಅವಳು ಹಾಲಿನ ಕ್ಯಾನನ್ನು ನೆಲಕ್ಕಿಟ್ಟು ಬಂದಳು. ತಂದೆಯ ಹಾಗೆಯೇ ತೆಳ್ಳಗಿದ್ದಳು. ಮಾವ ವಿಷಯ ಹೇಳಿದಾಗ ನನ್ನ ಮುಖವನ್ನು ಒಂದು ಸಲ ನೋಡಿದಳು. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಸಲೀಸಾಗುತ್ತಿತ್ತು. ಅವಳು ಫೋನ್ ತೆಗೆದು, ರೆಕಾರ್ಡಿಂಗ್ ಒತ್ತಿ, ನನ್ನೆದುರು ಹಿಡಿದಳು.

"ಇದ್ರಾಗೆ ಹೇಳಿ."

ಹೇಳಿದೆ. ನಾನು ಇಂಥವಳು, ನಿಮ್ಮ ತಂದೆಯ ಬಗ್ಗೆ ಹೇಳಿದ್ದು ಸುಳ್ಳು, ಅವರು ಕದ್ದಿಲ್ಲ, ಆ ನೀರು ಕಾಲೊನಿಯ ಮನೆಗಳಿಗೆ ಹೋಗುತ್ತಿತ್ತು, ಅದನ್ನು ಪರೀಕ್ಷಿಸದೆ ಹೇಳಿದ ತಪ್ಪು ನನ್ನದು. ಅವಳು ಅದನ್ನು ಹಾಕಿ ಕಿವಿಗಿಟ್ಟು ಕೇಳಿದಳು. ಸಾಲದೆಂಬಂತೆ ತಲೆಯಾಡಿಸಿದಳು.

"ಇಷ್ಟು ಸಣ್ಣಕೆ ಹೇಳಿದ್ರೆ ಯಾರಿಗೂ ಕೇಳಲ್ಲ. ವಿಡಿಯೋದಾಗೆ ನಿಮ್ಮ ದನಿ ದೊಡ್ಡದಿತ್ತು."

ಮತ್ತೆ ಫೋನ್ ಹಿಡಿದಳು. ನಾನು ಉಸಿರು ತೆಗೆದುಕೊಂಡು, ಆ ಮೊದಲ ಸಭೆಯಲ್ಲಿ ಮಾತನಾಡಿದ್ದ ದನಿಯಲ್ಲೇ, ಮೊದಲಿನಿಂದ ಹೇಳಿದೆ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಿರುಗಿದರು. ಹಾಲು ಅಳೆಯುತ್ತಿದ್ದ ಡೈರಿಯವನು ಕೈ ನಿಲ್ಲಿಸಿ ಕಿಟಕಿಯಿಂದ ಇಣುಕಿದ.

ಅವಳು ಎರಡನೆಯದನ್ನು ಕಿವಿಗಿಟ್ಟು ಕೊನೆಯವರೆಗೂ ಕೇಳಿದಳು. ಆ ಫೋಟೋ ಬಂದಿದ್ದ ಗುಂಪುಗಳಿಗೆಲ್ಲ ಕಳಿಸಿದಳು. ಆಮೇಲೆ ಒಂದು ನಂಬರ್ ಒತ್ತಿ, ಆ ಕಡೆ ಎತ್ತುವುದನ್ನು ಕಾಯುತ್ತ, ಕ್ಯಾನ್ ಎತ್ತಿಕೊಂಡು ಸಾಲಿಗೆ ಮರಳಿದಳು. "ಅಪ್ಪಾ" ಎಂದದ್ದು ಮಾತ್ರ ನನಗೆ ಕೇಳಿಸಿತು.